ಗುಡ್ಡದ ದಾರಿ, ಕೆಂಪು ಗಾಡಿ

ಜನವರಿ 14, 2025, ಮಂಗಳವಾರ, ಸವದತ್ತಿ

ನಿನ್ನೆ ಬನದ ಹುಣ್ಣಿಮೆ, ಇವತ್ತು ಸಂಕ್ರಮಣ. ಕುಸುರೆಳ್ಳು ಕೊಡಲು ಬಂದವರೆಲ್ಲ ಕೇಳಿದ್ದು ನನ್ನ ಮೊಣಕಾಲಿನ ಸುದ್ದಿಯನ್ನೇ. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ಕಬಡ್ಡಿ ಕಲಿಸಿ ಸವೆದ ಕಾಲು ಇದು. ಧಾರವಾಡದ ಡಾಕ್ಟರು ಶನಿವಾರ ಖಡಾಖಂಡಿತ ಹೇಳಿಬಿಟ್ಟರು: "ಎಡಗಾಲಿಂದ ಕ್ಲಚ್ ತುಳಿಯೋದು ಬಂದ್ ಮಾಡ್ರಿ ಸರ್." ಹಳೆಯ ಗಾಡಿ ಮಾರಿ ಆಟೋಮ್ಯಾಟಿಕ್ ಕೊಳ್ಳಬೇಕು. ಆದರೆ ಸ್ಪೋರ್ಟ್ಸ್ ಕಾರು ಓಡಿಸಬೇಕೆಂಬ ಆಸೆ ಹದಿನೆಂಟನೇ ವಯಸ್ಸಿನದು, ಅದನ್ನು ಬಿಡಲಾರೆ. ಕೈಯಲ್ಲಿರುವುದು ಎಂಟು ಲಕ್ಷ. ಸೆಕೆಂಡ್ ಹ್ಯಾಂಡೇ ಸೈ.

ಜನವರಿ 19, ರವಿವಾರ

ತಮ್ಮನ ಮಗ ಬಂದಿದ್ದ. "ದೊಡ್ಡಪ್ಪಾ, ಆಟೋಮ್ಯಾಟಿಕ್ ಅಂದಮ್ಯಾಲ ಅದೆಂಥಾ ಸ್ಪೋರ್ಟ್ಸ್ ಕಾರು?" ಎಂದ. 1989ರಲ್ಲಿ ನೈಜೆಲ್ ಮ್ಯಾನ್ಸೆಲ್ ಬ್ರೆಜಿಲ್‌ನ ಫಾರ್ಮುಲಾ ಒನ್ ರೇಸ್ ಗೆದ್ದ ಫೆರಾರಿಯ ಕಥೆ ಹೇಳಿದೆ. ಅದರಲ್ಲಿ ಗೇರ್ ಬದಲಿಸಲು ಕ್ಲಚ್ ತುಳಿಯಬೇಕಿರಲಿಲ್ಲ. ಸ್ಟೀರಿಂಗ್ ಹಿಂದಿನ ಪಟ್ಟಿಯನ್ನು ಬೆರಳಿಂದ ಎಳೆದರೆ ಸಾಕಿತ್ತು. ಹುಡುಗ ಸುಮ್ಮನಾದ.

ಎರಡೇ ಸೀಟಿನ, ನೆಲಕ್ಕೆ ತಾಗುವ ಗಾಡಿ ನಮ್ಮ ಊರಿಗಲ್ಲ. ರೋಡ್ ಹಂಪ್‌ಗಳು ಅದರ ಹೊಟ್ಟೆ ಕೆರೆಯುತ್ತವೆ. ಎಪ್ಪತ್ತೆಂಟರ ಅವ್ವ ಅದರೊಳಗೆ ಕೂತು ಏಳಲಾರಳು. ಗಾತ್ರ ಸಣ್ಣದು, ಎಂಜಿನ್ ಚುರುಕಿನದು ಆಗಬೇಕು.

ಗೇರ್‌ಬಾಕ್ಸ್ ಬಗ್ಗೆ ಓದಿ ಬರೆದುಕೊಂಡಿದ್ದು: ಎಎಂಟಿಯಲ್ಲಿ ಒಂದೇ ಕ್ಲಚ್, ಅದನ್ನು ಯಂತ್ರ ಒತ್ತುತ್ತದೆ, ಗೇರ್ ಬೀಳುವಾಗ ತಲೆ ಮುಂದಕ್ಕೆ ವಾಲುತ್ತದೆ. ಡ್ಯುಯಲ್ ಕ್ಲಚ್‌ನಲ್ಲಿ ಒಂದು ಕ್ಲಚ್ ಬೆಸ ಗೇರಿಗೆ, ಇನ್ನೊಂದು ಸಮ ಗೇರಿಗೆ. ಬದಲಾವಣೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ. ಟಾರ್ಕ್ ಕನ್ವರ್ಟರ್‌ನಲ್ಲಿ ಎಂಜಿನ್ನಿನ ಬಲ ಎಣ್ಣೆಯ ಮೂಲಕ ಗೇರಿಗೆ ಹೋಗುತ್ತದೆ. ತುಸು ಮಂದ, ಆದರೆ ತಾಳಿಕೆ ಹೆಚ್ಚು.

ಜನವರಿ 21, ಮಂಗಳವಾರ

ಬೈಲಹೊಂಗಲದಿಂದ ಒಬ್ಬರು ಬಿಳಿ ಗಾಡಿ ತಂದಿದ್ದರು. 2015ರದು, ಏಳು ಗೇರು, ಎರಡು ಒಣ ಕ್ಲಚ್ಚು. ಮುನವಳ್ಳಿ ರಸ್ತೆಯಲ್ಲಿ ಎಂಥ ಓಟ! ಅಲ್ಲೇ ಮುಂಗಡ ಕೊಟ್ಟುಬಿಡುವಷ್ಟು ಮನಸ್ಸು ಸೋತಿತು. ಆಮೇಲೆ ಎಲ್ಲಮ್ಮನ ಗುಡ್ಡದ ಕಡೆ ತಿರುಗಿಸಿದೆ. ಮಂಗಳವಾರ, ದೇವಿಯ ವಾರ. ಏರಿನಲ್ಲಿ ಟೆಂಪೋಗಳ ಹಿಂದೆ ಆಮೆಯಂತೆ ಸಾಗಬೇಕಾಯಿತು. ಒಂದರಿಂದ ಎರಡನೇ ಗೇರಿಗೆ ಹೋಗುವಾಗ ಗಾಡಿ ಗಡಗಡ ನಡುಗಿತು. ಪಕ್ಕದಲ್ಲಿಟ್ಟಿದ್ದ ಬಾಟಲಿಯ ನೀರಲ್ಲಿ ಅಲೆ ಎದ್ದಿತು. ಮೂರು ಸಲ ನಿಂತು ಹೊರಟೆ, ಮೂರು ಸಲವೂ ಅದೇ.

"ಈ ಗೇರಿನ ಗುಣಾನ ಹಂಗೈತ್ರಿ ಸರ್" ಎಂದರು. ನನಗೆ ಸಮಾಧಾನವಾಗಲಿಲ್ಲ. ಒಣ ಕ್ಲಚ್ಚಿಗೆ ಕಾವು ಹೊತ್ತೊಯ್ಯುವ ಎಣ್ಣೆ ಇರುವುದಿಲ್ಲ. ಏರಿನಲ್ಲಿ ತೆವಳುವಾಗ ಅದು ಜಾರುತ್ತ, ಉಜ್ಜುತ್ತ, ಕಾಯುತ್ತಲೇ ಇರುತ್ತದೆ. ಗೇರ್‌ಬಾಕ್ಸಿನ ಕೆಲಸದ ಒಂದು ಬಿಲ್ಲೂ ಅವರಲ್ಲಿರಲಿಲ್ಲ. ಕೈಮುಗಿದು ಕಳಿಸಿದೆ. ರಾತ್ರಿ ನಿದ್ದೆ ಬರಲಿಲ್ಲ, ಆ ಓಟ ಅಷ್ಟು ಚಂದವಿತ್ತು.

ಫೆಬ್ರುವರಿ 2, ರವಿವಾರ, ಹುಬ್ಬಳ್ಳಿ

ಕೆಂಪು ಪೋಲೋ ಜಿಟಿ ಟಿಎಸ್‌ಐ, 2021ರದು, 38,000 ಕಿ.ಮೀ. ಓಡಿದೆ. ಈ ಮಾದರಿಗೆ 2020ರವರೆಗೆ 1.2 ಲೀಟರ್ ಎಂಜಿನ್, ಏಳು ಗೇರಿನ ಡಿಎಸ್‌ಜಿ, ಅಂದರೆ ಡ್ಯುಯಲ್ ಕ್ಲಚ್, ಇತ್ತು. ಆ ವರ್ಷ 1.0 ಲೀಟರಿನ ಮೂರು ಸಿಲಿಂಡರ್ ಟರ್ಬೋ ಎಂಜಿನ್, ಆರು ಗೇರಿನ ಟಾರ್ಕ್ ಕನ್ವರ್ಟರ್ ಬಂತು. 110 ಪಿಎಸ್ ಶಕ್ತಿ.

"ನಾ ಬರೂತನಕ ಚಾಲೂ ಮಾಡಬ್ಯಾಡ್ರಿ" ಎಂದು ಮೊದಲೇ ಫೋನಿನಲ್ಲಿ ಹೇಳಿದ್ದೆ. ಬಾನೆಟ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಬ್ರೇಕ್ ಒತ್ತಿ ಹಿಡಿದು ಪಾರ್ಕಿನಿಂದ ರಿವರ್ಸ್, ಅಲ್ಲಿಂದ ಡ್ರೈವ್, ಹತ್ತು ಸಲ. ಧಡ್ ಎಂಬ ಪೆಟ್ಟಿಲ್ಲ, ತಡವಿಲ್ಲ. ನಂತರ ಆಕ್ಸಿಲರೇಟರ್ ಮುಟ್ಟದೆ ಬ್ರೇಕ್ ಸಡಿಲಿಸಿದೆ. ಎತ್ತಿನ ಹೆಜ್ಜೆಯಲ್ಲಿ ತಾನೇ ಮುಂದೆ ಸರಿಯಿತು. ನನ್ನ ಮೆಕ್ಯಾನಿಕ್ ಸ್ಕ್ಯಾನರ್ ಜೋಡಿಸಿ ನೋಡಿದ: ಫಾಲ್ಟ್ ಕೋಡ್ ಒಂದೂ ಇಲ್ಲ. ಸರ್ವಿಸ್ ಬಿಲ್ಲುಗಳನ್ನು ತಾರೀಖಿನ ಪ್ರಕಾರ ಜೋಡಿಸಿ ಕಿಲೋಮೀಟರ್ ತಾಳೆ ಹಾಕಿದೆ. ಎಲ್ಲೂ ಹಿಂದುಮುಂದಾಗಿಲ್ಲ. ಬೈಪಾಸಿನಲ್ಲಿ ಒಮ್ಮೆ ಪೂರ್ತಿ ಒತ್ತಿದೆ. ಬೆನ್ನು ಸೀಟಿಗೆ ಅಂಟಿತು. ಮಾತಾಡಲಿಲ್ಲ, ಮುಂಗಡ ಕೊಟ್ಟೆ.

ಫೆಬ್ರುವರಿ 6, ಗುರುವಾರ

ಗಾಡಿ ಕೆಎ 63, ನಮ್ಮದು ಬೈಲಹೊಂಗಲದ ಕೆಎ 24. ಒಂದೇ ರಾಜ್ಯವಾದ್ದರಿಂದ ಹೊಸ ನಂಬರ್ ಬೇಕಿಲ್ಲ. ಫಾರ್ಮ್ 29, 30ಕ್ಕೆ ಸಹಿ ಆಯಿತು. ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ, ಫಾರ್ಮ್ 35 ಕೈಗೆ ಬಂದ ಮೇಲೆಯೇ ಉಳಿದ ದುಡ್ಡು ಕೊಟ್ಟೆ. ಗೋವಾ, ಮಹಾರಾಷ್ಟ್ರದ ಗಾಡಿ ಅಗ್ಗವೆಂದು ಕೆಲವರು ಹೇಳಿದ್ದರು. ಎನ್‌ಒಸಿ ತಂದು ಇಲ್ಲಿ ಆಜೀವ ತೆರಿಗೆ ಕಟ್ಟಿದರೆ ಆ ಅಗ್ಗ ಉಳಿಯುವುದಿಲ್ಲ.

ಫೆಬ್ರುವರಿ 12, ಬುಧವಾರ, ಭಾರತ ಹುಣ್ಣಿಮೆ

ಅವ್ವನನ್ನು ಕೂಡಿಸಿಕೊಂಡು ಗುಡ್ಡಕ್ಕೆ ಹೊರಟೆ. ಮುಂದೆ ಚಕ್ಕಡಿಗಳ ಸಾಲು, ಎತ್ತುಗಳ ಕೊರಳಗೆಜ್ಜೆ, ಉಧೋ ಉಧೋ ಕೂಗು. ಒಂದು ತಾಸಿನ ಮೇಲೆ ಹೆಜ್ಜೆಯ ವೇಗದಲ್ಲೇ ಏರಿದೆವು. ಬಿಳಿ ಗಾಡಿ ನಡುಗಿದ ಅದೇ ಏರಿನಲ್ಲಿ ಬಾಟಲಿಯ ನೀರು ಕದಲಲಿಲ್ಲ. ಹಳೆಯ ಆಟೋಮ್ಯಾಟಿಕ್ ಗಾಡಿಯ ಆರೋಗ್ಯ ತಿಳಿಯುವುದು ಓಟದಲ್ಲಲ್ಲ, ಇಂಥ ಏರಿನ ತೆವಳಾಟದಲ್ಲಿ. ಕೇಳಿ ಬಂದವರಿಗೆಲ್ಲ ಇದನ್ನೇ ಹೇಳುವೆ.

ಮನೆಗೆ ಬಂದು ಮೊಣಕಾಲು ಮುಟ್ಟಿ ನೋಡಿಕೊಂಡೆ. ಬಾತಿರಲಿಲ್ಲ.