ಬಿಡು ಎಂದರೆ ಬಿಡುವ ಕೈ

ಮಂಡಿ ಸರಿಹೋಗಿದೆ, ಇನ್ನು ಆಡಬಹುದು ಎಂದು ವೈದ್ಯರು ಹೇಳಿದ ಮೇಲೆಯೇ ನನ್ನ ಚಿಕ್ಕಪ್ಪನ ಮಗಳ ಭಯ ಶುರುವಾದದ್ದು. ಅಲ್ಲಿಯವರೆಗೆ ನೋವು, ಊರುಗೋಲು, ಫಿಸಿಯೋಥೆರಪಿ, ಪಿಯುಸಿ ಪರೀಕ್ಷೆಗಳ ನಡುವೆ ಹೆದರಲು ಅವಳಿಗೆ ಪುರುಸೊತ್ತೇ ಇರಲಿಲ್ಲ.

ಅವಳಿಗೆ 17 ವರ್ಷ. ಕಬಡ್ಡಿಯಲ್ಲಿ ರೇಡರ್. ತಾಲ್ಲೂಕು ಮಟ್ಟದ ಪಂದ್ಯವೊಂದರಲ್ಲಿ ಎದುರಾಳಿಯೊಬ್ಬಳು ಪಾದ ಹಿಡಿದಳು, ಇನ್ನೊಬ್ಬಳು ಸೊಂಟಕ್ಕೆ ಬಿದ್ದಳು. ಪಾದ ಅಲ್ಲೇ ಉಳಿಯಿತು, ಮೈ ತಿರುಗಿತು. ಮಂಡಿಯೊಳಗಿನ ಎಸಿಎಲ್ ಎಂಬ ಲಿಗಮೆಂಟ್ ಹರಿಯಿತು. ಶಸ್ತ್ರಚಿಕಿತ್ಸೆಯಲ್ಲಿ ತೊಡೆಯ ಹಿಂಭಾಗದಿಂದ ಸ್ನಾಯುರಜ್ಜು ತೆಗೆದು ಆ ಜಾಗದಲ್ಲಿ ಕೂರಿಸಿದರು. ಕನಿಷ್ಠ 9 ತಿಂಗಳು ಕಾಯಬೇಕೆಂದರು. ಕಾದಳು. ಆದರೆ ಆಮೇಲೂ ಅವಳ ಕಾಲು ನಡುಗೆರೆ ದಾಟಲಿಲ್ಲ. ‘ಅಕ್ಕಾ, ಆ ಟಕ್ ಅನ್ನೋ ಸದ್ದು ಇನ್ನೂ ಕೇಳ್ತದೆ’ ಎನ್ನುತ್ತಿದ್ದಳು.

‘ಧೈರ್ಯ ತಗೋ, ಏನೂ ಆಗಲ್ಲ’ ಎಂದರು ಪಿ.ಟಿ. ಮೇಷ್ಟ್ರು. ‘ಆಡಿದ್ದು ಸಾಕು, ಕಾಲು ಉಳಿಸ್ಕೋ’ ಎಂದರು ಚಿಕ್ಕಮ್ಮ. ಇಬ್ಬರದೂ ಪ್ರೀತಿಯೇ. ಆದರೆ ಭಯ ಏನು ಹೇಳುತ್ತಿದೆ ಎಂದು ಇಬ್ಬರೂ ಕೇಳಲಿಲ್ಲ. ಅವಳಿಗೋ ಕ್ರೀಡಾ ಕೋಟಾದಲ್ಲಿ ಡಿಗ್ರಿ ಸೀಟು ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಆಟ ಬೇಕಿತ್ತು.

ನಾನು ವೀರಗಲ್ಲುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ತುರುಗಳಿಗಾಗಿ ಕಾದಾಡಿ ಸತ್ತವನಿಗೆ ಕಲ್ಲು ನಿಲ್ಲಿಸಿದ್ದಾರೆ. ಗಾಯಗೊಂಡು ಬದುಕಿ, ಮತ್ತೆ ಊರಾಚೆ ಹೋಗಲು ಹೆದರಿದವನ ಕಲ್ಲು ನನಗಿನ್ನೂ ಸಿಕ್ಕಿಲ್ಲ. ಹಾಗಾಗಿ ಬೇರೆ ಕಡೆ ಓದಿದೆ. 2014ರ ಸಮೀಕ್ಷೆಯೊಂದರ ಪ್ರಕಾರ, ಎಸಿಎಲ್ ಶಸ್ತ್ರಚಿಕಿತ್ಸೆಯಾದವರಲ್ಲಿ ಶೇ. 81ರಷ್ಟು ಜನ ಯಾವುದಾದರೊಂದು ಆಟಕ್ಕೆ ಮರಳುತ್ತಾರೆ. ಸ್ಪರ್ಧೆಗೆ ಮರಳುವವರು ಶೇ. 55 ಮಾತ್ರ. ಹಿಂಜರಿಯುವವರಲ್ಲಿ ಮತ್ತೆ ಪೆಟ್ಟಾದೀತೆಂಬ ಭಯವೂ ಒಂದು ಕಾರಣ. ಇದನ್ನು ಹೇಳಿದಾಗ ಅವಳು, ‘ಹಂಗಾದ್ರೆ ನಾನೊಬ್ಬಳೇ ಪುಕ್ಕಲಿ ಅಲ್ಲ’ ಎಂದು ಬಹಳ ದಿನಗಳ ಮೇಲೆ ನಕ್ಕಳು.

ರಜೆಗೆ ಮೈಸೂರಿನ ನನ್ನ ಕೋಣೆಗೆ ಬಂದಳು. ಭಯವನ್ನು ಬಿಡಿಸಿ ಬಿಡಿಸಿ ನೋಡಿದೆವು. ಓಡಲು ಹೆದರಿಕೆಯಿಲ್ಲ, ಜಿಗಿಯಲೂ ಇಲ್ಲ. ಎಡಗಾಲಿನ ಮೇಲೆ ಭಾರವಿದ್ದಾಗ ಯಾರಾದರೂ ಹಿಂದಿನಿಂದ ಪಾದ ಹಿಡಿಯುವುದು, ಅದೊಂದೇ. ಫಿಸಿಯೋಥೆರಪಿಸ್ಟ್ ಒಪ್ಪಿಗೆ ಪಡೆದು ಮೆಟ್ಟಿಲುಗಳನ್ನು ಮಾಡಿಕೊಂಡೆವು. ಮೊದಲು ಅವಳು ಕೂತಿರುವಾಗ ನಾನು ಪಾದ ಹಿಡಿಯುವುದು; ಆಮೇಲೆ ನಿಂತಾಗ, ನಡೆಯುವಾಗ; ಕೊನೆಗೆ ಗೆಳತಿಯರು ಮ್ಯಾಟ್ ಮೇಲೆ. ಪ್ರತಿ ಸಲವೂ ಭಯಕ್ಕೆ 10ರಲ್ಲಿ ಎಷ್ಟೆಂದು ಅವಳು ಹೇಳಬೇಕು, ನಾನು ಬರೆಯಬೇಕು. ಒಂದೇ ನಿಯಮ: ‘ಬಿಡು’ ಎಂದರೆ ಆ ಕ್ಷಣವೇ ಬಿಡಬೇಕು. ಕಬಡ್ಡಿಯಲ್ಲಿ ಹಾಗೆ ಯಾರೂ ಬಿಡುವುದಿಲ್ಲ. ಆದರೆ ಬಿಡುವ ಕೈಯನ್ನು ನಂಬಿದ ಮೇಲೆಯೇ ಬಿಡದ ಕೈಯನ್ನು ಎದುರಿಸಲು ಅವಳಿಗೆ ಸಾಧ್ಯವಾದದ್ದು. 9 ಇದ್ದದ್ದು 4ಕ್ಕೆ ಇಳಿಯಿತು. ಮಳೆಯಲ್ಲಿ ಜಾರಿದ ದಿನ ಮತ್ತೆ 7. ಅವಳೇ ಒಂದು ಮೆಟ್ಟಿಲು ಕೆಳಗಿಳಿದಳು.

ವಿನೇಶ್ ಫೋಗಟ್ 2016ರಲ್ಲಿ ರಿಯೋದಲ್ಲಿ ಮಂಡಿಗೆ ಪೆಟ್ಟು ಮಾಡಿಕೊಂಡು ಸ್ಟ್ರೆಚರ್ ಮೇಲೆ ಹೊರಟದ್ದನ್ನೂ, 2018ರ ಏಷ್ಯನ್ ಗೇಮ್ಸ್‌ನಲ್ಲಿ ಅದೇ ಎದುರಾಳಿ ಸುನ್ ಯನಾನ್‌ರನ್ನು ಸೋಲಿಸಿ ಚಿನ್ನ ಗೆದ್ದದ್ದನ್ನೂ ಅವಳು ಫೋನಿನಲ್ಲಿ ಮತ್ತೆ ಮತ್ತೆ ನೋಡುತ್ತಿದ್ದಳು. ‘ಮಧ್ಯದ ಎರಡು ವರ್ಷ ಯಾರೂ ತೋರ್ಸಲ್ವಲ್ಲ ಅಕ್ಕಾ’ ಎಂದಳು ಒಮ್ಮೆ. ನಮ್ಮ ಕೋಣೆಯಲ್ಲಿ ನಡೆಯುತ್ತಿದ್ದದ್ದು ಆ ಮಧ್ಯದ್ದೇ.

ಮೊನ್ನೆ ಊರಿನಿಂದ ಫೋನ್ ಬಂತು. ಅಭ್ಯಾಸ ಪಂದ್ಯದಲ್ಲಿ ಮೂರು ರೇಡ್ ಹೋಗಿದ್ದಳಂತೆ. ಒಂದರಲ್ಲಿ ಪಾಯಿಂಟ್, ಒಂದರಲ್ಲಿ ಬರಿಗೈ. ಮೂರನೆಯದರಲ್ಲಿ ಪಾದ ಹಿಡಿದು ಕೆಡವಿದರಂತೆ. ಅದನ್ನು ಹೇಳುವಾಗ ಅವಳ ದನಿಯಲ್ಲಿ ಬರೀ ಸಿಟ್ಟಿತ್ತು: ಬೋನಸ್ ಗೆರೆ ದಾಟಿದ್ದನ್ನು ಅಂಪೈರ್ ನೋಡಲೇ ಇಲ್ಲವಂತೆ. 10ರಲ್ಲಿ ಎಷ್ಟೆಂದು ಹೇಳಲು ಮರೆತಳು. ನಾನೂ ಕೇಳಲಿಲ್ಲ.