ಸರ್ಪಸುತ್ತು, ನಮ್ಮಜ್ಜಿ ಮತ್ತು ಇಪ್ಪತ್ತು ಸಾವಿರ ರೂಪಾಯಿ

1/8

ಎರಡು ವಾರ ಕಾಲೇಜಿಗೆ ಯಾಕೆ ಬರ್ಲಿಲ್ಲ ಅಂತ ಡಿಎಂ ಮಾಡಿದ ಎಲ್ಲರಿಗೂ ಒಟ್ಟಿಗೆ ಉತ್ತರ: ನಂಗೆ ಸರ್ಪಸುತ್ತು ಆಗಿತ್ತು. ಇಂಗ್ಲಿಷಲ್ಲಿ ಶಿಂಗಲ್ಸ್. ಡಾಕ್ಟರ್ ಚೀಟಿಯಲ್ಲಿ ಹರ್ಪಿಸ್ ಜೋಸ್ಟರ್. ಹರ್ಪಿಸ್ ಅನ್ನೋ ಪದ ಓದಿ ಮುಸಿಮುಸಿ ನಗ್ತಿರೋರಿಗೆ ಮೊದಲೇ ಹೇಳ್ಬಿಡ್ತೀನಿ, ನೀವು ಅಂದ್ಕೊಂಡಿರೋದು ಬೇರೆ ವೈರಸ್ಸು, ಇದು ಬೇರೆ.

"ಇಪ್ಪತ್ತು ವರ್ಷಕ್ಕೇ ಬರತ್ತಾ?" ಬರತ್ತೆ. ಐವತ್ತು ದಾಟಿದವರಿಗೆ ಜಾಸ್ತಿ, ನಮ್ಮ ವಯಸ್ಸಿನವರಿಗೆ ಕಮ್ಮಿ, ಅಷ್ಟೇ.

ಗಾಯದ ಫೋಟೋ ಒಂದೂ ಹಾಕಿಲ್ಲ, ಊಟ ಮಾಡ್ತಾ ಸ್ಕ್ರೋಲ್ ಮಾಡೋರು ಧೈರ್ಯವಾಗಿ ಓದಬಹುದು. ಫೋಟೋ ಎಲ್ಲಾ ಯಲಹಂಕ ಕೆರೆ, ಹೆಬ್ಬಾಳದ ಕಡೆಯವು, ವಾಸಿಯಾದ ಮೇಲೆ ತೆಗೆದಿದ್ದು. ಒಟ್ಟು ಎಂಟು ಭಾಗ. ಮೊದಲ ಐದು ನನ್ನ ನೋವಿನ ಕಥೆ. ಆಮೇಲಿನ ಮೂರು ನಮ್ಮನೇಲಿ ದುಡ್ಡಿನ ವಿಷಯಕ್ಕೆ ನಡೆದ ಜಗಳದ ಕಥೆ. ಟೈಮ್ ಇಲ್ಲದೋರು 5 ಮತ್ತು 7 ಓದಿ, ಸಾಕು.

2/8

ಮೊದಲು ಬಂದಿದ್ದು ನೋವು, ಗುಳ್ಳೆ ಅಲ್ಲ. ಎಡಗಡೆ ಪಕ್ಕೆಲುಬಿನ ಹತ್ರ, ಬೆನ್ನಿನಿಂದ ಎದೆ ತನಕ, ಒಂದು ಬೆಲ್ಟ್ ಅಗಲದ ಜಾಗ. ಚರ್ಮದ ಮೇಲೆ ಏನೂ ಕಾಣ್ತಿರ್ಲಿಲ್ಲ. ಒಳಗೆ ಮಾತ್ರ ಯಾರೋ ಕಾದ ಸೂಜಿಯಲ್ಲಿ ಬಿಟ್ಟು ಬಿಟ್ಟು ಚುಚ್ಚಿದ ಹಾಗೆ. ಮನೇಲಿ ಒಬ್ಬೊಬ್ಬರು ಒಂದೊಂದು ಹೆಸರಿಟ್ರು. ಅಪ್ಪ ಗ್ಯಾಸ್ ಅಂದ್ರು. ಅಮ್ಮ ಬ್ಯಾಗ್ ಭಾರ ಅಂದ್ರು. ಪಕ್ಕದ ಮನೆ ಆಂಟಿ ಉಳುಕು ಅಂತ ಎಣ್ಣೆ ತಂದುಕೊಟ್ರು. ಅಜ್ಜಿ ಒಬ್ಬರೇ ಹತ್ತಿರ ಕರೆದು, ಅಂಗಿ ಎತ್ತಿಸಿ ನೋಡಿ, ಏನೂ ಹೇಳದೆ ಸುಮ್ಮನಾದ್ರು.

ಮೂರನೇ ದಿನ ಬೆಳಗ್ಗೆ ಕೆಂಪು ಮಚ್ಚೆ. ಸಂಜೆಗೆ ಅದರ ಮೇಲೆ ನೀರು ತುಂಬಿದ ಸಣ್ಣ ಗುಳ್ಳೆಗಳು, ಗೊಂಚಲು ಗೊಂಚಲು. ಅಜ್ಜಿ ನೋಡಿದವರೇ "ಸರ್ಪಸುತ್ತೇ ಇದು. ನಾಳೆ ಗೀಳೆ ಅನ್ಬೇಡಿ, ಈಗ್ಲೇ ಡಾಕ್ಟ್ರ ಹತ್ರ ಹೊರಡಿ" ಅಂದ್ರು. ಅಷ್ಟು ಗಟ್ಟಿಯಾಗಿ ಅಜ್ಜಿ ಮಾತಾಡಿದ್ದು ನಾನು ಕೇಳೇ ಇರ್ಲಿಲ್ಲ. ಅದೇ ಸಂಜೆ ಹೋದ್ವಿ.

ಆಮೇಲಿನ ಹತ್ತು ದಿನದ್ದು ಹೇಗೆ ಹೇಳೋದು? ಬಟ್ಟೆ ತಾಗಿದ್ರೆ ಉರಿ. ಫ್ಯಾನ್ ಗಾಳಿಗೂ ಉರಿ. ಗಟ್ಟಿಯಾಗಿ ಒತ್ತಿ ಹಿಡಿದ್ರೆ ತಡ್ಕೋಬಹುದು, ಆದ್ರೆ ಅಂಗಿಯ ಅಂಚು ಹಗುರವಾಗಿ ಸವರಿದ್ರೆ ಕಣ್ಣಲ್ಲಿ ನೀರು. ರಾತ್ರಿ ಬಲಗಡೆ ಮಗ್ಗುಲಲ್ಲೇ ಮಲಗಬೇಕು, ನಿದ್ದೆಗಣ್ಣಲ್ಲಿ ಹೊರಳಿದ್ರೆ ಮುಗೀತು. ಗುಳ್ಳೆ ಎಲ್ಲಾ ಒಣಗಿದ ಮೇಲೆ ಇನ್ನೊಂದ್ಸಲ ತೋರಿಸೋಕೆ ಬಸ್ಸಲ್ಲಿ ಹೋದೆ. ಹೆಬ್ಬಾಳ ಫ್ಲೈಓವರ್ ಹತ್ರ ಬಸ್ಸು ಹೇಗೆ ಹೋಗತ್ತೆ ಅಂತ ನಿಮಗೆ ಹೇಳ್ಬೇಕಾಗಿಲ್ಲ. ಒಂದೊಂದು ಬ್ರೇಕಿಗೂ ನಾನು ಬ್ಯಾಗನ್ನ ಎದೆಯಿಂದ ದೂರ ಹಿಡ್ಕೊಂಡು ನಿಂತಿದ್ದೆ. ಕಂಡಕ್ಟರ್ ಬ್ಯಾಗಲ್ಲಿ ಏನೋ ಬೆಲೆಬಾಳೋದು ಇದೆ ಅಂದ್ಕೊಂಡಿರ್ಬೇಕು.

3/8

ಇದು ಎಲ್ಲಿಂದ ಬಂತು? ಯಾರಿಂದಲೂ ಅಂಟಿಕೊಂಡಿದ್ದಲ್ಲ. ನನ್ನೊಳಗೇ ಇತ್ತು.

ನಾನು ಎರಡನೇ ಕ್ಲಾಸಲ್ಲಿದ್ದಾಗ ಚಿಕನ್‌ಪಾಕ್ಸ್ ಆಗಿತ್ತು. ನಮ್ಮ ಕಡೆ ಭಾಷೆಯಲ್ಲಿ "ಅಮ್ಮ" ಆಗಿತ್ತು. ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದು, ನೀರು ಹಾಕೋ ದಿನ ತಂಬಿಟ್ಟು ಮಾಡಿದ್ದು ನೆನಪಿದೆ. ಎಲ್ಲರೂ ವಾಸಿ ಆಯ್ತು ಅಂದ್ಕೊಂಡ್ವಿ. ಮೈಮೇಲಿನ ಗುಳ್ಳೆ ವಾಸಿ ಆಯ್ತು ನಿಜ. ವೈರಸ್ಸು ಮಾತ್ರ ಹೋಗಲ್ಲ. ಬೆನ್ನುಹುರಿ ಪಕ್ಕ ನರಗಳ ಬುಡದಲ್ಲಿ ಗಂಟಿನ ಥರ ಇರೋ ಜಾಗದಲ್ಲಿ ಹೋಗಿ ಮಲಗತ್ತೆ. ಹತ್ತು ವರ್ಷವೋ ಐವತ್ತು ವರ್ಷವೋ. ದೇಹದ ಕಾವಲು ಸಡಿಲ ಆದಾಗ ಎದ್ದು, ಒಂದು ನರ ಹಿಡಿದು ಚರ್ಮದ ತನಕ ಬರತ್ತೆ. ಆ ನರ ಎಲ್ಲೆಲ್ಲಿ ಹೋಗತ್ತೋ ಅಲ್ಲೆಲ್ಲಾ ನೋವು, ಗುಳ್ಳೆ. ನರವೇ ಉರಿಯೋದ್ರಿಂದ ನೋವು ಈ ಪಾಟಿ ಇರತ್ತೆ.

ಇದನ್ನ ಬಿಡಿಸಿ ಹೇಳಿದ್ದು ದೊಡ್ಡ ಲ್ಯಾಬ್‌ನ ವಿಜ್ಞಾನಿ ಅಲ್ಲ. ಎಡ್ಗರ್ ಹೋಪ್-ಸಿಂಪ್ಸನ್ ಅಂತ ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಅನ್ನೋ ಸಣ್ಣ ಊರಿನ ಮಾಮೂಲಿ ಡಾಕ್ಟರು. ತನ್ನ ಕ್ಲಿನಿಕ್ಕಿಗೆ ಬಂದ ಸರ್ಪಸುತ್ತಿನ ರೋಗಿಗಳ ಲೆಕ್ಕ ವರ್ಷಗಟ್ಟಲೆ ಬರೆದಿಟ್ಟು, 1965ರಲ್ಲಿ ಇದು ಹಳೇ ಚಿಕನ್‌ಪಾಕ್ಸ್ ವೈರಸ್ಸೇ ಮತ್ತೆ ಏಳೋದು ಅಂತ ಬರೆದ್ರು. ಅದು ಆಮೇಲೆ ಸಾಬೀತಾಯ್ತು.

ಬೆಂಚ್‌ಮೇಟ್‌ಗಳ ಗಾಬರಿಗೆ ಉತ್ತರ: ನನ್ನಿಂದ ನಿಮಗೆ ಸರ್ಪಸುತ್ತು ಅಂಟಲ್ಲ. ಆದ್ರೆ ಚಿಕನ್‌ಪಾಕ್ಸ್ ಆಗದೇ ಇರೋರಿಗೆ, ಅದರ ವ್ಯಾಕ್ಸೀನೂ ಹಾಕಿಸದೇ ಇರೋರಿಗೆ ಗುಳ್ಳೆಯ ನೀರಿನಿಂದ ಚಿಕನ್‌ಪಾಕ್ಸ್ ಬರಬಹುದು. ಅದಕ್ಕೇ ಗುಳ್ಳೆ ಒಣಗಿ ಹಕ್ಕಳೆ ಕಟ್ಟೋ ತನಕ ಮುಚ್ಚಿಟ್ಟುಕೊಂಡು ಮನೇಲೇ ಇದ್ದೆ. ಗರ್ಭಿಣಿಯರು, ಪುಟ್ಟ ಮಕ್ಕಳು, ಇಮ್ಯೂನಿಟಿ ಕಮ್ಮಿ ಇರೋರಿಂದ ದೂರ ಇರ್ಬೇಕು ಅಂತ ಡಾಕ್ಟರ್ ಎರಡೆರಡು ಸಲ ಹೇಳಿದ್ರು.

4/8

ಇನ್ನು ಹಾವಿನ ವಿಷಯ. ನೋಡೋಕೆ ಬಂದ ನೆಂಟರಲ್ಲಿ ಅರ್ಧ ಜನ "ಹಾವು ತುಳಿದಿದ್ಯಾ?" ಅಂತ ಕೇಳಿದ್ರು. ಒಬ್ಬರು ಕೆಮ್ಮಣ್ಣು ಹಚ್ಚು ಅಂದ್ರು. ಇನ್ನೊಬ್ಬರು ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತುಕೋ ಅಂದ್ರು. ಎಲ್ಲರೂ ಹೇಳಿದ ಒಂದು ಮಾತು: ಹಾವಿನ ತಲೆ ಬಾಲ ಕೂಡಿಬಿಟ್ರೆ ಜೀವ ಹೋಗತ್ತೆ.

ರಾತ್ರಿ ಎರಡು ಗಂಟೆಗೆ ನಿದ್ದೆ ಇಲ್ಲದೆ ಕೂತಿರೋವಾಗ ಈ ಮಾತು ನೆನಪಾದ್ರೆ ವಿಜ್ಞಾನದ ಸ್ಟೂಡೆಂಟಿಗೂ ಹೆದರಿಕೆ ಆಗತ್ತೆ ಮಗಾ. ಕನ್ನಡಿ ಮುಂದೆ ನಿಂತು ಬಾಲ ಎಲ್ಲಿದೆ ಅಂತ ನೋಡಿದ್ದೀನಿ. ಆದ್ರೆ ಕೂಡೋದಿಲ್ಲ, ಯಾಕಂದ್ರೆ ಬೆನ್ನುಹುರಿಯಿಂದ ಎಡಕ್ಕೆ ಹೋಗೋ ನರ ಎಡಕ್ಕೇ ಹೋಗತ್ತೆ, ಬಲಕ್ಕೆ ಹೋಗೋದು ಬಲಕ್ಕೇ. ಮೈಯ ನಡುಗೆರೆ ಹತ್ರ ಬಂದು ನಿಂತುಬಿಡತ್ತೆ. ಅಪರೂಪಕ್ಕೆ, ಇಮ್ಯೂನಿಟಿ ತುಂಬಾ ಕುಸಿದವರಿಗೆ, ಬೇರೆ ಕಡೆಗೂ ಹರಡಬಹುದು. ಅಲ್ಲಿ ಅಪಾಯ ಇರೋದು ವೈರಸ್ಸು ಹರಡೋದ್ರಿಂದ, ತಲೆ ಬಾಲ ಕೂಡೋದ್ರಿಂದ ಅಲ್ಲ.

ಹೆಸರಿಟ್ಟವರನ್ನ ಮಾತ್ರ ನಾನು ಬೈಯಲ್ಲ. ಹರ್ಪಿಸ್ ಅನ್ನೋದು ತೆವಳು ಅನ್ನೋ ಅರ್ಥದ ಗ್ರೀಕ್ ಪದದಿಂದ ಬಂದಿದ್ದು. ಜೋಸ್ಟರ್ ಅಂದ್ರೆ ಸೊಂಟದ ಪಟ್ಟಿ. ನಮ್ಮ ಸರ್ಪ ಅನ್ನೋ ಪದದ ಧಾತುವಿಗೂ ತೆವಳೋದು ಅಂತಲೇ ಅರ್ಥ, ಆ ಗ್ರೀಕ್ ಪದಕ್ಕೂ ಇದಕ್ಕೂ ಮೂಲ ಒಂದೇ. ಅಂದ್ರೆ ಡಾಕ್ಟರ್ ಚೀಟಿಯಲ್ಲಿ ಬರೆದಿದ್ದೂ ನಮ್ಮಜ್ಜಿ ಹೇಳಿದ್ದೂ ಹೆಚ್ಚುಕಮ್ಮಿ ಒಂದೇ ಹೆಸರು. ನೋಡಿದ್ದನ್ನ ನೋಡಿದ ಹಾಗೆ ಹೆಸರಿಟ್ಟಿದ್ದಾರೆ. ಔಷಧಿ ಮಾತ್ರ ಆಗ ಇರ್ಲಿಲ್ಲ, ಈಗ ಇದೆ.

5/8

ಈ ಭಾಗ ಸೇವ್ ಮಾಡಿಟ್ಕೊಳ್ಳಿ.

ಗುಳ್ಳೆ ಕಾಣಿಸಿಕೊಂಡ 72 ಗಂಟೆ ಒಳಗೆ ವೈರಸ್ ತಡೆಯೋ ಮಾತ್ರೆ ಶುರು ಮಾಡಿದ್ರೆ ಒಳ್ಳೇದು. ಆಮೇಲೆ ಹೋದ್ರೂ ಡಾಕ್ಟರ್ ನೋಡ್ತಾರೆ, ಆದ್ರೆ ಬೇಗ ಹೋದಷ್ಟೂ ಉಪಯೋಗ ಜಾಸ್ತಿ. ನಂಗೆ ಕೊಟ್ಟಿದ್ದು ಅಸೈಕ್ಲೋವಿರ್ 800 ಮಿಲಿಗ್ರಾಂ, ದಿನಕ್ಕೆ ಐದು, ಏಳು ದಿನ. ಒಟ್ಟು 35 ಮಾತ್ರೆ. ಫೋನಲ್ಲಿ ಐದು ಅಲಾರಂ ಇಟ್ಟಿದ್ದೆ. ಈ ಮಾತ್ರೆ ಹಿಂದಿರೋ ಕೆಲಸ ಮಾಡಿದವರಲ್ಲಿ ಗರ್ಟ್ರೂಡ್ ಎಲಿಯನ್ ಅನ್ನೋ ಹೆಂಗಸು ಒಬ್ಬರು, 1988ರಲ್ಲಿ ನೊಬೆಲ್ ಸಿಕ್ಕಿತು. ಅವರ ಹತ್ರ ಪಿಎಚ್‌ಡಿ ಇರ್ಲಿಲ್ಲ. ಪ್ಲೇಸ್‌ಮೆಂಟ್ ಟೆನ್ಷನ್‌ನಲ್ಲಿರೋರು ಇದನ್ನೂ ಸೇವ್ ಮಾಡ್ಕೊಳ್ಳಿ.

ಮಾತ್ರೆ ನೀವೇ ಮೆಡಿಕಲ್ ಶಾಪಲ್ಲಿ ತಗೋಬೇಡಿ, ಡೋಸು ಡಾಕ್ಟರ್ ಹೇಳ್ಬೇಕು, ಕಿಡ್ನಿ ತೊಂದರೆ ಇರೋರಿಗೆ ಬೇರೆ ಲೆಕ್ಕ ಇರತ್ತೆ. ಗುಳ್ಳೆ ಒಡೀಬೇಡಿ. ಮಣ್ಣು, ಸುಣ್ಣ, ಸೊಪ್ಪಿನ ರಸ ಹಚ್ಚಬೇಡಿ, ಕೀವಾಗತ್ತೆ. ಹಣೆ, ಕಣ್ಣಿನ ಸುತ್ತ, ಮೂಗಿನ ತುದಿಯಲ್ಲಿ ಗುಳ್ಳೆ ಬಂದ್ರೆ ಒಂದು ದಿನವೂ ಕಾಯದೆ ಕಣ್ಣಿನ ಡಾಕ್ಟರ್ ಹತ್ರ ಹೋಗಿ, ದೃಷ್ಟಿಗೇ ಅಪಾಯ ಆಗಬಹುದು.

ನನ್ನ ನೋವು ಒಟ್ಟು 22 ದಿನ ಇತ್ತು. ಈಗ ಕಂದು ಕಲೆ ಮಾತ್ರ ಇದೆ.

6/8

ಅಜ್ಜಿಗೆ ಹೇಗೆ ಮೊದಲೇ ಗೊತ್ತಾಯ್ತು? ಅಜ್ಜಿಗೆ ಆಗಿತ್ತು. ಮೂರು ವರ್ಷದ ಹಿಂದೆ, ದೊಡ್ಡಬಳ್ಳಾಪುರದ ಕಡೆ ನಮ್ಮೂರಲ್ಲಿ ಒಬ್ಬರೇ ಇದ್ದಾಗ. ಊರವರು ಕೆಮ್ಮಣ್ಣು ಬಳಿದ್ರು. ನಮಗೆ ಸುದ್ದಿ ಬಂದು, ಅಪ್ಪ ಹೋಗಿ ಕರ್ಕೊಂಡು ಬರೋ ಹೊತ್ತಿಗೆ ವಾರದ ಮೇಲಾಗಿತ್ತು.

ಗುಳ್ಳೆ ಒಣಗಿತು. ನೋವು ಹೋಗ್ಲಿಲ್ಲ. ಇವತ್ತಿಗೂ ಹೋಗಿಲ್ಲ. ಮೂರು ತಿಂಗಳು ದಾಟಿಯೂ ನೋವು ಉಳಿದ್ರೆ ಅದಕ್ಕೆ ಪೋಸ್ಟ್ ಹರ್ಪೆಟಿಕ್ ನ್ಯೂರಾಲ್ಜಿಯಾ ಅಂತಾರೆ, ಅಂದ್ರೆ ಸರ್ಪಸುತ್ತು ಬಿಟ್ಟುಹೋದ ನರದ ನೋವು. ಅಮೆರಿಕದ ಸಿಡಿಸಿ ಹೇಳೋ ಪ್ರಕಾರ ಸರ್ಪಸುತ್ತು ಆದವರಲ್ಲಿ 100ಕ್ಕೆ 10ರಿಂದ 18 ಜನಕ್ಕೆ ಹೀಗಾಗತ್ತೆ, ವಯಸ್ಸು ಏರಿದಷ್ಟೂ ಜಾಸ್ತಿ. ಅಜ್ಜಿ ಬಲಗೈ ಎತ್ತಿ ತಲೆ ಬಾಚಲ್ಲ. ಸೆರಗು ಆ ಕಡೆ ತಾಗದ ಹಾಗೆ ಸೀರೆ ಉಡ್ತಾರೆ. ನರದ ನೋವಿಗೆ ಕೊಡೋ ಮಾತ್ರೆ ತಗೊಂಡ್ರೆ ಮಂಪರು, ತಗೊಳ್ದಿದ್ರೆ ಉರಿ.

ಇಷ್ಟು ದಿನ ನಾವೆಲ್ಲ ಅದನ್ನ "ಅಜ್ಜಿ ವಯಸ್ಸಿನ ನೋವು" ಅಂತ ಕರೀತಿದ್ವಿ. ನನ್ನ ಎಂಟನೇ ದಿನ ರಾತ್ರಿ ಅಜ್ಜಿ ನನ್ನ ಪಕ್ಕ ಬಂದು ಕೂತ್ರು. ಇಬ್ಬರಿಗೂ ನಿದ್ದೆ ಇಲ್ಲ. "ಅಂಗಿ ಅಂಚು ತಾಗಿದ್ರೆ ಜಾಸ್ತಿ ಅಲ್ವೇನೋ?" ಅಂತ ಕೇಳಿದ್ರು. ಹೌದು ಅಂದೆ. "ನಂಗೂ" ಅಂದ್ರು. ನಂದು ಎಂಟು ದಿನ, ಅವರದು ಮೂರು ವರ್ಷ.

7/8

ಇದಕ್ಕೆ ವ್ಯಾಕ್ಸೀನ್ ಇದೆ ಅಂತ ನಮ್ಮನೇಲಿ ಯಾರಿಗೂ ಗೊತ್ತಿರ್ಲಿಲ್ಲ. ಹೆಸರು ಶಿಂಗ್ರಿಕ್ಸ್. ಭಾರತಕ್ಕೆ ಬಂದಿದ್ದು 2023ರಲ್ಲಿ, 50 ದಾಟಿದವರಿಗೆ. ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳ ಗ್ಯಾಪ್. ಒಳಗೆ ಜೀವಂತ ವೈರಸ್ ಇಲ್ಲ, ವೈರಸ್ಸಿನ ಹೊರಮೈಯ ಒಂದು ಪ್ರೋಟೀನ್ ಮಾತ್ರ. ಇಮ್ಯೂನಿಟಿಯನ್ನ ಜೋರಾಗಿ ಎಬ್ಬಿಸೋಕೆ ಅದರ ಜೊತೆ ಬೆರೆಸೋ ವಸ್ತುಗಳಲ್ಲಿ ಒಂದು ಚಿಲಿ ದೇಶದ ಮರದ ತೊಗಟೆಯಿಂದ ಬರತ್ತೆ. ನಮ್ಮ ಅಂಟುವಾಳದ ಥರ ನೊರೆ ಬರೋ ತೊಗಟೆ. ಅಜ್ಜಿಗೆ ಇಷ್ಟ ಆಗಿದ್ದು ಇದೊಂದೇ ವಿಷಯ.

2015ರಲ್ಲಿ ಪ್ರಕಟವಾದ ದೊಡ್ಡ ಟ್ರಯಲ್‌ನ ಲೆಕ್ಕ ನೋಡಿ. 50 ದಾಟಿದ 15 ಸಾವಿರಕ್ಕೂ ಹೆಚ್ಚು ಜನ. ಅರ್ಧದಷ್ಟು ಜನಕ್ಕೆ ವ್ಯಾಕ್ಸೀನ್, ಉಳಿದವರಿಗೆ ಸುಮ್ನೆ ಹುಸಿ ಸೂಜಿ. ಮೂರು ವರ್ಷ ಚಿಲ್ಲರೆ ಗಮನಿಸಿದ್ರು. ಹುಸಿ ಸೂಜಿಯವರಲ್ಲಿ 210 ಜನಕ್ಕೆ ಸರ್ಪಸುತ್ತು ಬಂತು. ವ್ಯಾಕ್ಸೀನ್ ಹಾಕಿದವರಲ್ಲಿ 6 ಜನಕ್ಕೆ. 70 ದಾಟಿದವರಲ್ಲೂ ರಕ್ಷಣೆ ಶೇ. 90ರ ಆಸುಪಾಸು. ತೋಳು ನೋವು, ಸುಸ್ತು, ಜ್ವರ ಒಂದೆರಡು ದಿನ ಮಾಮೂಲು. ಇರೋ ನೋವನ್ನ ಇದು ವಾಸಿ ಮಾಡಲ್ಲ, ಮುಂದೆ ಬರೋದನ್ನ ತಡೆಯತ್ತೆ. ಒಮ್ಮೆ ಸರ್ಪಸುತ್ತು ಆದವರಿಗೆ ಮತ್ತೆ ಆಗಬಹುದು, ಅವರೂ ಹಾಕಿಸಬಹುದು. ನಂಗೆ ವಯಸ್ಸಾಗಿಲ್ಲ. 50 ಆಗದಿದ್ರೂ ಇಮ್ಯೂನಿಟಿ ತುಂಬಾ ಕಮ್ಮಿ ಇರೋರು ಡಾಕ್ಟರ್ ಹತ್ರ ಕೇಳ್ಬೇಕು.

ಈಗ ಬೆಲೆ. ಒಂದು ಡೋಸ್ ಹತ್ತು ಸಾವಿರದ ಆಸುಪಾಸು. ಸರ್ಕಾರದ ಉಚಿತ ಲಸಿಕೆ ಪಟ್ಟಿಯಲ್ಲಿ ಇಲ್ಲ. ನಮ್ಮನೇಲಿ ಅಜ್ಜಿ 74, ಅಪ್ಪ 56, ಅಮ್ಮ 52. ಮೂರು ಜನ, ಆರು ಡೋಸ್, ಅರವತ್ತು ಸಾವಿರ. ಅಪ್ಪ ಯಶವಂತಪುರ ಯಾರ್ಡಲ್ಲಿ ಈರುಳ್ಳಿ ಮಂಡಿಯ ಲೆಕ್ಕ ಬರೀತಾರೆ. ಚೀಟಿ ಎತ್ತಿದ್ರೆ ಕೈಗೆ ಬರೋದು ಇಪ್ಪತ್ತು ಸಾವಿರ. ಅಂದ್ರೆ ಒಬ್ಬರಿಗೆ.

8/8

ಜಗಳ ಇಲ್ಲೇ. "ನಂಗೆ ಬಂದು ಹೋಯ್ತಲ್ಲ, ಬೆಂಕಿ ಬಿದ್ದ ಮನೆಗೆ ಬೀಗ ಯಾಕೆ?" ಅಂತ ಅಜ್ಜಿ. "ನಂಗೇನೂ ಬೇಡ, ಅಜ್ಜಿಗೆ ಹಾಕ್ಸಿ" ಅಂತ ಅಮ್ಮ. "ಆ ದುಡ್ಡು ಮುಂದಿನ ಸೆಮಿಸ್ಟರ್ ಫೀಸಿಗೆ ಅಂತ ಇಟ್ಟಿದ್ದು" ಅಂತ ಅಪ್ಪ. ಮೂರು ದಿನ ಇದೇ ಮಾತು. ನಡುವೆ ಅಜ್ಜಿ ಒಂದು ಮಾತು ಹೇಳಿದ್ರು: "ಊರಲ್ಲಿ ನಮ್ಮ ಹಸುಗೆ ಕಾಲುಬಾಯಿ ಜ್ವರದ ಸೂಜಿನ ಮನೆ ಬಾಗಿಲಿಗೇ ಬಂದು ಹಾಕೋರು, ಪುಕ್ಕಟೆ. ನಂಗೆ ಯಾರೂ ಬಂದು ಕೇಳ್ಲಿಲ್ಲ." ನಗ್ತಾ ಹೇಳಿದ್ರು, ಯಾರಿಗೂ ನಗು ಬರ್ಲಿಲ್ಲ. ದನಗಳಿಗೆ ಲಸಿಕೆ ತಯಾರಿಸೋ ಸರ್ಕಾರಿ ಸಂಸ್ಥೆ ಇರೋದು ನಮ್ಮ ಹೆಬ್ಬಾಳದಲ್ಲೇ. ಹಸುವಿಗೆ ಲಸಿಕೆ ಇದೆ, ಮಗುವಿಗೆ ತಾಯಿ ಕಾರ್ಡಲ್ಲಿ ತಾರೀಖು ಹಾಕಿ ಲಸಿಕೆ ಇದೆ. ನಮ್ಮನೇಲಿ ದೊಡ್ಡವರು ತೋಳಿಗೆ ಲಸಿಕೆ ಹಾಕಿಸ್ಕೊಂಡಿದ್ದು ಕೊರೊನಾ ಟೈಮಲ್ಲಿ ಮಾತ್ರ.

ಕೊನೆಗೆ ಡಾಕ್ಟರ್ ಹತ್ರ ಮೂವರನ್ನೂ ಕರ್ಕೊಂಡು ಹೋದೆ. ಮೂವರಿಗೂ ಹಾಕಿಸಬಹುದು, ಒಬ್ಬರಿಗೇ ಆಗೋದಾದ್ರೆ ಯಾರಿಗೆ ಅನ್ನೋದು ನಿಮ್ಮ ಮನೆ ನಿರ್ಧಾರ ಅಂದ್ರು. ಅಮ್ಮನಿಗೆ ಶುಗರ್ ಇದೆ, ಶುಗರ್ ಇರೋರಿಗೆ ಸರ್ಪಸುತ್ತಿನ ಅಪಾಯ ಹೆಚ್ಚು ಅಂತಲೂ ಹೇಳಿದ್ರು. ಹೊರಗೆ ಬಂದು ಅಜ್ಜಿ ಅಮ್ಮನ ಕೈ ಹಿಡ್ಕೊಂಡು "ನೀನು ಮಲಗಿದ್ರೆ ನನ್ನ ನೋಡೋರು ಯಾರು?" ಅಂದ್ರು. ಅಲ್ಲಿಗೆ ತೀರ್ಮಾನ ಆಯ್ತು.

ಅಮ್ಮನಿಗೆ ಮೊದಲ ಡೋಸ್ ಹಾಕಿಸಿ ಇವತ್ತಿಗೆ ಹನ್ನೆರಡು ದಿನ. ಎರಡು ದಿನ ತೋಳು ಎತ್ತೋಕಾಗಲ್ಲ ಅಂತ ಕೂತಿದ್ರು, ಅಡುಗೆ ನಾನು ಅಪ್ಪ ಮಾಡಿದ್ವಿ, ಚಿತ್ರಾನ್ನಕ್ಕೆ ಉಪ್ಪು ಜಾಸ್ತಿ ಆಯ್ತು. ಎರಡನೇ ಡೋಸಿನ ತಾರೀಖು ಫ್ರಿಜ್ ಮೇಲೆ ಬರೆದು ಅಂಟಿಸಿದೀನಿ. ಅಪ್ಪ ಹೊಸ ಚೀಟಿ ಸೇರಿದ್ದಾರೆ, ಅದು ಅಜ್ಜಿ ಹೆಸರಲ್ಲಿ. ಫೀಸಿಗೆ ನಾನು ವೀಕೆಂಡ್ ಟ್ಯೂಷನ್ ಹೇಳೋಕೆ ಶುರು ಮಾಡಿದೀನಿ, ಆರ್‌ಟಿ ನಗರದಲ್ಲಿ ಎಂಟನೇ ಕ್ಲಾಸಿನ ಇಬ್ಬರು ಸಿಕ್ಕಿದ್ದಾರೆ.

ನಿಮ್ಮನೇಲಿ 50 ದಾಟಿದವರು ಯಾರ್ಯಾರು ಇದ್ದಾರೆ, ಚಿಕ್ಕವರಿದ್ದಾಗ "ಅಮ್ಮ" ಆಗಿತ್ತಾ, ಶುಗರ್ ಇದೆಯಾ, ಇವತ್ತು ಊಟಕ್ಕೆ ಕೂತಾಗ ಕೇಳಿ. ದುಡ್ಡಿನ ಲೆಕ್ಕ ಆಮೇಲೆ ಹಾಕಿ. ನಿಮ್ಮಜ್ಜಿಗೋ ತಾತನಿಗೋ ಹೀಗೆ ನೋವು ಉಳಿದಿದ್ರೆ ಕಮೆಂಟಲ್ಲಿ ಬರೀರಿ, ನಮ್ಮಜ್ಜಿಗೆ ಎಲ್ಲಾ ಓದಿ ಹೇಳ್ತೀನಿ. ಸೋಮವಾರ ಕ್ಲಾಸಲ್ಲಿ ಸಿಗೋಣ. ಎಡಗಡೆ ಮಾತ್ರ ತಟ್ಟಬೇಡಿ.

#ಸರ್ಪಸುತ್ತು #ಯಲಹಂಕ #ಅಜ್ಜಿಕಥೆ