ಬೆಂಬಲವೆಂಬ ಮಾತಿನ ತೂಕ

ಸತ್ಕಾರ್ಯವೊಂದಕ್ಕೆ ಹಣವಿತ್ತವರನ್ನೂ, ಅದಕ್ಕಾಗಿ ದುಡಿದವರನ್ನೂ, ಸಭೆಯಲ್ಲಿ ಕೈಯೆತ್ತಿ ಸಮ್ಮತಿಸಿದವರನ್ನೂ ನಾವು ಕನ್ನಡದಲ್ಲಿ 'ಬೆಂಬಲಿಗರು' ಎಂದೇ ಕರೆಯುತ್ತೇವೆ. ಇಂಗ್ಲಿಷಿನಲ್ಲಿ ಬರೆಯಲು ಕುಳಿತಾಗ ಈ ಸೌಕರ್ಯವಿಲ್ಲ. ಸಪೋರ್ಟ್, ಎಂಡಾರ್ಸ್, ಸ್ಪಾನ್ಸರ್, ಅಡ್ವೊಕೇಟ್ ಎಂಬ ಪದಗಳು ಒಂದೇ ಮನೆಯ ಮಕ್ಕಳಂತೆ ಕಂಡರೂ ಅವು ಹೊರುವ ಹೊಣೆ ಬೇರೆ ಬೇರೆ.

ಕೆಲವು ವರ್ಷಗಳ ಹಿಂದೆ ನಮ್ಮ ಬಸದಿಯ ವಿದ್ಯಾರ್ಥಿನಿಲಯಕ್ಕಾಗಿ ಹೊರದೇಶದ ಬಂಧುಗಳಿಗೆ ಇಂಗ್ಲಿಷಿನಲ್ಲಿ ವಿನಂತಿಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತು. ನೆರೆಯೂರುಗಳ ಮೂರು ಟ್ರಸ್ಟುಗಳು ಯೋಜನೆಯನ್ನು ಒಪ್ಪಿ ನಿರ್ಣಯ ಕಳುಹಿಸಿದ್ದವು. ಹಣ ಕೊಡುವ ಶಕ್ತಿ ಅವಕ್ಕಿರಲಿಲ್ಲ. "ಅವರನ್ನು ಸ್ಪಾನ್ಸರ್ ಎಂದೇ ಬರೆಯಿರಿ, ಪತ್ರಕ್ಕೆ ಗೌರವ ಬರುತ್ತದೆ" ಎಂದು ಹಿರಿಯ ಸದಸ್ಯರೊಬ್ಬರು ಸಲಹೆಯಿತ್ತರು.

ಸ್ಪಾನ್ಸರ್ ಎಂಬುದರ ಲ್ಯಾಟಿನ್ ಮೂಲಕ್ಕೆ ಪ್ರತಿಜ್ಞೆ ಮಾಡುವುದೆಂದು ಅರ್ಥ. ಸ್ಪಾನ್ಸರ್ ಎಂದರೆ ಹೊಣೆ ನಿಂತವನು. ಸಪೋರ್ಟ್ ಎಂದರೆ ಕೆಳಗಿನಿಂದ ಹೊರುವುದು. ಅಡ್ವೊಕೇಟ್ ಇನ್ನೊಬ್ಬರ ಪರವಾಗಿ ಮಾತನಾಡುವವನು. ಎಂಡಾರ್ಸ್ ಎಂಬುದರ ಮೂಲದಲ್ಲಿ 'ಬೆನ್ನು' ಇದೆ: ಚೆಕ್ಕಿನ ಹಿಂಬದಿಗೆ ಹಾಕುವ ರುಜುವಿಗೆ ಆ ಹೆಸರು, ಅದರಿಂದಲೇ ಒಪ್ಪಿಗೆ ಸೂಚಿಸುವುದೆಂಬ ಅರ್ಥ ಬಂದಿತು. ನಮ್ಮ 'ಬೆಂಬಲ'ದಲ್ಲಿರುವುದೂ ಬೆನ್ನೇ ಅಲ್ಲವೇ? ಹಾಗೆಯೇ 'ಇನ್ ಸಪೋರ್ಟ್ ಆಫ್' ಎಂದು ಯಾರು ಬೇಕಾದರೂ ಬರೆಯಬಹುದು. 'ಆನ್ ಬಿಹಾಫ್ ಆಫ್' ಎನ್ನಲು ಅವರ ಪ್ರತಿನಿಧಿಯಾಗಿರಬೇಕು.

ಈ ವಿವೇಕ ನಮಗೆ ಹೊಸದಲ್ಲ. ತತ್ತ್ವಾರ್ಥಸೂತ್ರದ 6ನೆಯ ಅಧ್ಯಾಯ ಕೃತ, ಕಾರಿತ, ಅನುಮತ ಎಂದು ತಾನು ಮಾಡುವುದನ್ನೂ, ಮಾಡಿಸುವುದನ್ನೂ, ಅನುಮೋದಿಸುವುದನ್ನೂ ಪ್ರತ್ಯೇಕವಾಗಿ ಎಣಿಸುತ್ತದೆ. ವಿಂಧ್ಯಗಿರಿಯ ಬಾಹುಬಲಿಯ ಪಾದದ ಬಳಿಯ ಕನ್ನಡ ಶಾಸನವೂ ಚಾವುಂಡರಾಯನು 'ಮಾಡಿಸಿದಂ' ಎನ್ನುತ್ತದೆ, 'ಮಾಡಿದಂ' ಎನ್ನುವುದಿಲ್ಲ. ಉಳಿ ಹಿಡಿದ ಕೈ ಬೇರೆಯವರದು ಎಂಬ ಸತ್ಯ ಆ ಒಂದು ಕ್ರಿಯಾಪದದಲ್ಲಿ ಉಳಿದಿದೆ.

ನಾನು ಹಿರಿಯರಿಗೆ ವಿನಯದಿಂದ ಹೀಗೆ ಹೇಳಿದೆ: "ಸ್ಪಾನ್ಸರ್ ಎಂದು ಓದಿದವರು ಖರ್ಚಿನ ಹೊಣೆಯನ್ನು ಆ ಟ್ರಸ್ಟುಗಳೇ ಹೊತ್ತಿವೆಯೆಂದು ತಿಳಿದು ಸುಮ್ಮನಾದರೆ, ಮಕ್ಕಳ ಊಟಕ್ಕೇ ಕೊರತೆಯಾದೀತು. ಅದಕ್ಕಿಂತ ಮಿಗಿಲಾಗಿ, ಕೂಟಲೇಖಕ್ರಿಯೆ, ಎಂದರೆ ಸುಳ್ಳು ಬರವಣಿಗೆ, ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಒಂದು." ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಅನುಮೋದನೆಯೆಂದೇ ಬರೆಯಿರಿ. ಅದಕ್ಕೂ ಪುಣ್ಯವುಂಟಲ್ಲ" ಎಂದರು. ಎಂಡಾರ್ಸ್ ಎಂಬ ಪದವೇ ಪತ್ರದಲ್ಲಿ ನಿಂತಿತು.

ಹಿರಿಯರ ಆ ಮಾತಿನಲ್ಲಿ ನಮ್ಮ ಟ್ರಸ್ಟುಗಳಿಗೆಲ್ಲ ಅನ್ವಯಿಸುವ ತಿಳಿವಳಿಕೆಯಿದೆ. ಶುದ್ಧಭಾವದ ಅನುಮೋದನೆ ಸಣ್ಣದಲ್ಲ. ಅದಕ್ಕೆ ದಾನದ ವೇಷ ತೊಡಿಸಬೇಕಾಗಿಲ್ಲ. ಆಮಂತ್ರಣಪತ್ರಿಕೆಯಲ್ಲಾಗಲಿ, ಅಮೃತಶಿಲೆಯ ಫಲಕದಲ್ಲಾಗಲಿ, ಯಾವ ಭಾಷೆಯಲ್ಲಾಗಲಿ ಹೆಸರಿನ ಮುಂದೆ ಪದವೊಂದನ್ನು ಇಡುವ ಮೊದಲು, ಇವರು ಮಾಡಿದರೋ, ಮಾಡಿಸಿದರೋ, ಮೆಚ್ಚಿದರೋ ಎಂದು ಕೇಳಿಕೊಳ್ಳೋಣ. ಕೊಟ್ಟವರಿಗೆ ಕೊಟ್ಟಷ್ಟೇ, ಮೆಚ್ಚಿದವರಿಗೆ ಮೆಚ್ಚಿದಷ್ಟೇ ಸಲ್ಲಲಿ. ಆಗ ಯಾರ ಪಾಲೂ ಕಡಿಮೆಯಾಗದು, ಸತ್ಯಕ್ಕೂ ಕುಂದುಂಟಾಗದು.